ಗಾಡಿಯಣ್ಣ ಕೊಟ್ಟ ದಪ್ಪ ಪುಸ್ತಕ

ದೊಡ್ಡಾಸ್ಪತ್ರೆಯಲ್ಲಿ ಅವನಿಗೆ ಎರಡು ಕೆಲಸ. ಬೆಳಗ್ಗೆ ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ರೋಗಿಗಳ ಫೈಲು ಜೋಡಿಸಿಡಬೇಕು, ಮಧ್ಯಾಹ್ನದ ಊಟವಾದ ಮೇಲೆ ಎರಡನೇ ಮಹಡಿಯ ಹೆಂಗಸರ ವಾರ್ಡಿನಲ್ಲಿ ಪುಸ್ತಕದ ಗಾಡಿ ತಳ್ಳಬೇಕು. ಸಂಬಳ ಬರುತ್ತಿದ್ದದ್ದು ಮೊದಲನೆಯದಕ್ಕೆ, ಹೆಸರು ಬಂದದ್ದು ಎರಡನೆಯದರಿಂದ. ಗಾಡಿಯಣ್ಣ ಎಂದರೆ ಗೇಟಿನ ಕಾವಲುಗಾರನಿಂದ ಹಿಡಿದು ದೊಡ್ಡ ಡಾಕ್ಟರವರೆಗೆ ಎಲ್ಲರಿಗೂ ಗೊತ್ತು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದೊಳಗೆ ತಣ್ಣಗೆ ಮಲಗಿತ್ತು.

ಗಾಡಿ ಎಂದರೆ ಮತ್ತೇನಲ್ಲ, ಅಡುಗೆಮನೆಯವರು ಕೈಬಿಟ್ಟ ಊಟದ ಟ್ರಾಲಿ. ಒಂದು ಚಕ್ರ ಸೊಟ್ಟಗಾಗಿ ಸದಾ ಬಲಕ್ಕೆ ಎಳೆಯುತ್ತಿತ್ತು. ಮೇಲಿನ ಎರಡು ತಟ್ಟೆಯಲ್ಲಿ ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕಗಳು, ಕೆಳಗಡೆ ಒಂದು ಹಳೆಯ ಟೇಪ್ ರೆಕಾರ್ಡರು, ಅದಕ್ಕೊಂದು ಹೆಡ್‌ಫೋನು, ರಬ್ಬರ್ ಬ್ಯಾಂಡು ಸುತ್ತಿದ ನಾಲ್ಕಾರು ಕ್ಯಾಸೆಟ್ಟು. ಅವನು ಪುಸ್ತಕ ಹಂಚಿ ಹೋಗುವವನಲ್ಲ. ಮಂಚದ ಕಾಲುಬದಿಯಲ್ಲಿ ನಿಂತು, ನೀವು ಮೊದಲು ಏನು ಕೆಲಸ ಮಾಡ್ತಿದ್ರಿ, ನಗು ಬರೋ ಕಥೆ ಬೇಕಾ ಅಳು ಬರೋದು ಬೇಕಾ ಎಂದೆಲ್ಲ ವಿಚಾರಿಸಿ, ಒಂದನ್ನು ಎಳೆದು, ಮಗುವನ್ನು ಕೊಡುವ ಹಾಗೆ ಎರಡು ಕೈಯಲ್ಲಿ ಕೊಡುತ್ತಿದ್ದ. "ಇದು ನನಗೆ ತುಂಬಾ ಇಷ್ಟವಾದದ್ದು" ಎನ್ನುತ್ತಿದ್ದ. ದಿನಕ್ಕೆ ಎಂಟು ಸಲ ಎಂಟು ಪುಸ್ತಕಕ್ಕೆ ಅದೇ ಮಾತು. ಸಿನಿಮಾದ ವಿಷಯದಲ್ಲೂ ವಾರ್ಡಿಗೆಲ್ಲ ಅವನೇ ಪಂಚಾಯಿತಿದಾರ. ರಜೆ ಸಿಕ್ಕ ನರ್ಸುಗಳು ಅವನನ್ನು ಕೇಳದೆ ಟಿಕೆಟ್ ತೆಗೆಯುತ್ತಿರಲಿಲ್ಲ. "ಅದಾ? ಮಧ್ಯಂತರದ ತನಕ ನೋಡಿ ಎದ್ದು ಬನ್ನಿ, ಆಮೇಲೆ ಅವರಿಗೇ ಏನು ಮಾಡಬೇಕು ಅಂತ ಗೊತ್ತಿಲ್ಲ" ಎಂದು ಒಂದೇ ಮಾತಿನಲ್ಲಿ ಇತ್ಯರ್ಥ ಮಾಡಿ ಕಳಿಸುತ್ತಿದ್ದ.

ಆದರೆ ಪುಸ್ತಕ ಆರಿಸುವುದರ ಹಿಂದೆ ಒಂದು ಗುಟ್ಟಿತ್ತು. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

ಅವನು ಗಾಡಿ ಹಿಡಿದ ಮೊದಲ ವರ್ಷ ಒಬ್ಬ ಲೆಕ್ಕದ ಟೀಚರಿಗೆ ದೊಡ್ಡ ಕಾದಂಬರಿಯೊಂದನ್ನು ಕೊಟ್ಟಿದ್ದ. ಇನ್ನೂ ಎಂಬತ್ತು ಪುಟ ಇರುವಾಗ ಅವರ ಕೈಯಲ್ಲಿ ಪುಸ್ತಕ ಹಿಡಿಯುವ ಶಕ್ತಿ ಹೋಯಿತು. ಕೊನೆಗೆ ಆ ಹುಡುಗಿ ಏನಾದಳು ಎಂದು ಕೇಳಿದರು. ಇವನು ಆ ಪುಸ್ತಕ ಓದಿರಲಿಲ್ಲ. ತಲೆ ಕೆರೆದುಕೊಂಡು ನಿಂತ. ಮರುದಿನ ಉತ್ತರ ಹುಡುಕಿಕೊಂಡು ಹೋದರೆ ಮಂಚದ ಮೇಲೆ ಒಗೆದ ಹಾಸಿಗೆ ಬಟ್ಟೆ ಹಾಸಿತ್ತು. ಆವತ್ತಿನಿಂದ ಗಾಡಿಯ ಪ್ರತಿ ಪುಸ್ತಕವನ್ನೂ ಓದಿದ. ಅಷ್ಟೇ ಅಲ್ಲ, ಯಾರ ಕೈಯಲ್ಲೂ ಅರ್ಧ ಓದಿದ ಪುಸ್ತಕ ಉಳಿಯಬಾರದು ಎಂದು ತನಗೆ ತಾನೇ ಒಂದು ಕಾನೂನು ಮಾಡಿಕೊಂಡ. ಫೈಲುಗಳು ಬೆಳಗ್ಗೆ ಅವನ ಕೈಯಲ್ಲೇ ಹಾದುಹೋಗುತ್ತವಲ್ಲ. ಡಾಕ್ಟರ ಬರಹ ಓದಲು ಬರುತ್ತಿರಲಿಲ್ಲ, ಓದುವ ಅಗತ್ಯವೂ ಇರಲಿಲ್ಲ. ಔಷಧಿಯ ಪಟ್ಟಿ ಬೆಳೆಯುತ್ತಿದ್ದರೆ ಇನ್ನೂ ಹೋರಾಟ ನಡೆದಿದೆ, ಪಟ್ಟಿ ಎರಡು ಸಾಲಿಗೆ ಇಳಿದರೆ ಡಾಕ್ಟರು ಕೈಚೆಲ್ಲಿದ್ದಾರೆ. ಇಪ್ಪತ್ತೆರಡು ವರ್ಷ ಫೈಲು ಕಟ್ಟಿದವನಿಗೆ ಇಷ್ಟೂ ತಿಳಿಯದಿದ್ದರೆ ಹೇಗೆ? ಎರಡು ಸಾಲಿನವರಿಗೆ ಸಣ್ಣ ಕಥೆಗಳ ತೆಳು ಪುಸ್ತಕ, ಮನೆಗೆ ಹೋಗುವವರಿಗೆ ದಪ್ಪ ಕಾದಂಬರಿ.

ನಿಜಕ್ಕೂ ಅವನಿಗೆ ಇಷ್ಟವಾದ ಪುಸ್ತಕ ಒಂದೇ ಒಂದು. ನದಿ ದಾಟಿಸುವ ದೋಣಿಯವರ ಮನೆತನದ ನಾಲ್ಕು ತಲೆಮಾರಿನ ಕಥೆ, ಏಳುನೂರ ನಲವತ್ತು ಪುಟ. ಅದು ಗಾಡಿಯ ಮೂಲೆಯಲ್ಲಿ ಹೊದಿಕೆ ಹರಿಯದೆ ಕೂತಿತ್ತು. ದಪ್ಪ ಪುಸ್ತಕ ಪಡೆದವರು ಹೇಗೂ ಮನೆಗೆ ಹೋಗುವವರು, ಹೋಗುವ ಅವಸರದಲ್ಲಿ ಹತ್ತು ಪುಟ ಓದಿ ವಾಪಸು ಕೊಡುತ್ತಿದ್ದರು. ಮನೆಯಲ್ಲಿ ಹೆಂಡತಿಗೆ ಒಮ್ಮೆ ಆ ಕಥೆ ಹೇಳಲು ಹೋದ. ಎರಡನೇ ಸೊಸೆ ಹನ್ನೆರಡು ವರ್ಷ ಮಾತು ಬಿಟ್ಟಳು ಎನ್ನುವಲ್ಲಿಗೆ, "ಪುಣ್ಯಾತ್ಗಿತ್ತಿ, ಅವಳಿಂದ ನೀವೂ ಸ್ವಲ್ಪ ಕಲೀರಿ" ಎಂದು ಅವಳು ಮಗ್ಗುಲಾದಳು. ತನಗೆ ಪ್ರಾಣವಾದದ್ದನ್ನು ಇನ್ನೊಬ್ಬರ ಜೊತೆ ಮಾತಾಡಲಾಗದೆ ವರ್ಷಗಟ್ಟಲೆ ಒಳಗೇ ಇಟ್ಟುಕೊಳ್ಳುವುದು ಎಂಥ ಸಂಕಟ ಎಂದು ಅನುಭವಿಸಿದವರಿಗೇ ಗೊತ್ತು.

ಗುಟ್ಟು ರಟ್ಟು ಮಾಡಿದವಳು ಕಿಟಕಿ ಪಕ್ಕದ ಟೈಲರಮ್ಮ. ಐವತ್ತರ ಆಸುಪಾಸಿನ ಹೆಂಗಸು. ಬಾಯಿ ಜೋರು, ಕಣ್ಣು ಅದಕ್ಕಿಂತ ಜೋರು. ಎರಡು ತಿಂಗಳಿಂದ ಅದೇ ಮಂಚದಲ್ಲಿದ್ದಳು. ಸುಮ್ಮನೆ ಕೂರುವ ಜನ್ಮವಲ್ಲ, ದಿಂಬಿನ ಕೆಳಗೆ ಅಳತೆಯ ಟೇಪು ಇಟ್ಟುಕೊಂಡಿದ್ದಳು. ಒಂದು ಮಧ್ಯಾಹ್ನ ಗಾಡಿಯ ಪುಸ್ತಕಗಳ ಬೆನ್ನಿಗೆ ಟೇಪು ಹಿಡಿದು ನೋಡಿ ಇಡೀ ವಾರ್ಡಿಗೆ ಕೇಳುವಂತೆ ಹೇಳಿದಳು:

"ನೋಡ್ರಮ್ಮ, ನನ್ನ ಲೆಕ್ಕ ಸರಿ ಇದೆ. ಗಾಡಿಯಣ್ಣ ಅರ್ಧ ಇಂಚಿನ ಪುಸ್ತಕ ಕೊಟ್ಟವರು ಹದಿನೈದು ದಿನಕ್ಕೆ ಹೋದ್ರು. ಒಂದಿಂಚಿನವರು ತಿಂಗಳು ತಳ್ಳಿದ್ರು. ಎರಡಿಂಚು ಸಿಕ್ಕಿದವರು ಮನೆಗೆ ಹೋದ್ರು. ಡಾಕ್ಟರು ಯಾಕೆ ಬೇಕು?"

ಕೆಲವರು ನಕ್ಕರು. ತೆಳು ಪುಸ್ತಕ ಹಿಡಿದಿದ್ದ ಇಬ್ಬರು ನಗಲಿಲ್ಲ. ಅವನಿಗೆ ನಿಂತಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು.

ಮರುದಿನದಿಂದ ವಾರ್ಡು ಕೆಟ್ಟುಹೋಯಿತು. ತೆಳು ಪುಸ್ತಕ ಯಾರಿಗೂ ಬೇಡ. ಒಬ್ಬಾಕೆ ಕಣ್ಣು ಕಾಣದಿದ್ದರೂ ದಪ್ಪ ನಿಘಂಟನ್ನು ಎದೆಗವಚಿಕೊಂಡು ಮಲಗಿದಳು. ಹೆಡ್ ನರ್ಸು ಅವನನ್ನು ಕಾರಿಡಾರಿಗೆ ಕರೆದು ಜಾಡಿಸಿದರು.

"ರೀ, ನೀವು ಜ್ಯೋತಿಷ್ಯದ ಅಂಗಡಿ ಇಟ್ಟಿದ್ದೀರೋ, ಪುಸ್ತಕ ಕೊಡ್ತಿದ್ದೀರೋ? ನಾಳೆಯಿಂದ ಎಲ್ಲರಿಗೂ ದಪ್ಪದ್ದೇ ಕೊಡಿ. ಇನ್ನೊಂದು ದೂರು ಬಂದ್ರೆ ಗಾಡಿ ಉಗ್ರಾಣಕ್ಕೆ ಹೋಗುತ್ತೆ, ಅಷ್ಟೇ."

ಅವನು ತಲೆ ತಗ್ಗಿಸಿ ಹೂಂ ಎಂದ. ಇಷ್ಟಕ್ಕೇ ಮುಗಿದಿದ್ದರೆ ಹೇಳುವುದಕ್ಕೆ ಏನೂ ಇರುತ್ತಿರಲಿಲ್ಲ.

ನಾಲ್ಕು ದಿನ ಕಳೆದು ಟೈಲರಮ್ಮನೇ ಅವನನ್ನು ಹತ್ತಿರ ಕರೆದಳು. ಆವತ್ತು ಜೋರು ಇರಲಿಲ್ಲ, ಸ್ಟೂಲು ತೋರಿಸಿ ಕೂರಿ ಎಂದಳು.

"ಬೇರೆಯವರಿಗೆ ಸಿಸ್ಟರ್ ಹೇಳಿದ ಹಾಗೆ ಕೊಡಿ. ನನಗೆ ಮಾತ್ರ ಮೊದಲಿನ ಹಾಗೆ ಕೊಡಬೇಕು. ಡಾಕ್ಟರು ಕೇಳಿದಾಗೆಲ್ಲ ನೋಡೋಣ ನೋಡೋಣ ಅಂತಾರೆ, ಏನು ನೋಡ್ತಾರೋ. ನನಗೆ ಇರೋದು ಒಬ್ಬಳೇ ತಂಗಿ. ದೂರದ ಶಾಲೆಯಲ್ಲಿ ಟೀಚರು, ಬರೋಕೆ ಎರಡು ದಿನದ ದಾರಿ. ವರ್ಷಕ್ಕೆ ಹತ್ತು ದಿನ ರಜ ಕೊಟ್ರೆ ಹೆಚ್ಚು. ಈಗಲೇ ಕರೆಸಿಬಿಟ್ರೆ ಆಮೇಲೆ ಬೇಕಾದಾಗ ಅವಳು ಬರೋಕಾಗಲ್ಲ. ಅವಳಿಗೆ ಒಂದು ಮಾತು ಹೇಳೋದಿದೆ. ಫೋನಲ್ಲಿ ಹೇಳೋ ಮಾತಲ್ಲ, ಮುಖ ನೋಡಿ ಹೇಳಬೇಕು. ನೀವು ತೆಳು ಪುಸ್ತಕ ಕೊಟ್ರೆ ಇವತ್ತೇ ಫೋನ್ ಮಾಡ್ತೀನಿ. ದಪ್ಪದ್ದು ಕೊಟ್ರೆ ಪರೀಕ್ಷೆ ಎಲ್ಲ ಮುಗಿಸಿಕೊಂಡು ಬಾ ಅಂತೀನಿ. ಬಾಯಲ್ಲಿ ಏನೂ ಹೇಳಬೇಡಿ ಅಣ್ಣ. ಪುಸ್ತಕ ಕೊಡಿ, ಸಾಕು."

ಅವಳ ಫೈಲು ಅವನು ಬೆಳಗ್ಗೆಯೇ ನೋಡಿದ್ದ. ಪಟ್ಟಿ ಎರಡು ಸಾಲಿಗೆ ಇಳಿದಿತ್ತು.

ಅವನ ಕೈ ಮೊದಲು ತೆಳು ಪುಸ್ತಕದ ಕಡೆಗೇ ಹೋಯಿತು. ಅದನ್ನು ಅರ್ಧ ಎಳೆದೂ ಆಗಿತ್ತು. ಟೈಲರಮ್ಮ ಆ ಕೈಯನ್ನೇ ನೋಡುತ್ತಿದ್ದಳು. ಮುಖ ಬಿಳಚಿಕೊಂಡಿತು. ಅವನಿಗೆ ತಡೆಯಲಾಗಲಿಲ್ಲ, ಪುಸ್ತಕವನ್ನು ಒಳಗೆ ನೂಕಿದ. ಆಗ ಅವಳು ಮಾತು ಬದಲಿಸಲೆಂದೋ ಏನೋ ಕೇಳಿಬಿಟ್ಟಳು: "ಎಲ್ಲರಿಗೂ ಇದು ನನಗೆ ಇಷ್ಟ ಅಂತ ಸುಳ್ಳು ಹೇಳ್ತೀರಲ್ಲ, ನಿಜವಾಗ್ಲೂ ನಿಮಗೆ ಇಷ್ಟವಾದದ್ದು ಯಾವುದು?"

ಇಪ್ಪತ್ತೆರಡು ವರ್ಷದಲ್ಲಿ ಅವನನ್ನು ಯಾರೂ ಹಾಗೆ ಕೇಳಿರಲಿಲ್ಲ. ಅವನು ಮೂಲೆಯಿಂದ ಏಳುನೂರ ನಲವತ್ತು ಪುಟವನ್ನು ಎತ್ತಿ ಅವಳ ಮಡಿಲಲ್ಲಿಟ್ಟ.

ಹೆಡ್ ನರ್ಸಿನ ಭಯಕ್ಕೆ ಕೊಟ್ಟೆ ಎಂದು ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಬಿಳಚಿದ ಮುಖ ನೋಡಲಾರದೆ ಕೊಟ್ಟೆ ಎಂದೂ ಹೇಳಿಕೊಂಡ. ಎರಡೂ ಸುಳ್ಳಲ್ಲ. ಆದರೆ ನಿಜವಾಗಿ ಅವನಿಗೆ ಆ ಪುಸ್ತಕ ಓದುವ ಒಬ್ಬರು ಬೇಕಿತ್ತು. ಅದನ್ನು ಒಪ್ಪಿಕೊಳ್ಳುವ ಧೈರ್ಯ ಅವನಿಗೆ ಬರಲಿಲ್ಲ. ಟೈಲರಮ್ಮ ಪುಸ್ತಕದ ಬೆನ್ನಿಗೆ ಟೇಪು ಹಿಡಿದು, "ಎರಡೂಕಾಲು!" ಎಂದು ಅತ್ತಳು, ನಕ್ಕಳು, ಸಂಜೆಯೇ ತಂಗಿಗೆ ಫೋನ್ ಮಾಡಿ ಶಾಲೆಯ ಪರೀಕ್ಷೆ ಮುಗಿಸಿಕೊಂಡೇ ಬಾ ಎಂದಳು.

ಆಮೇಲಿನ ಹನ್ನೊಂದು ದಿನ ಅವನ ಬದುಕಿನ ಒಳ್ಳೆಯ ದಿನಗಳು. ಹೀಗೆ ಹೇಳುವುದಕ್ಕೆ ನಾಲಿಗೆ ಹಿಂಜರಿಯುತ್ತದೆ, ಆದರೆ ಇದ್ದದ್ದೇ ಹಾಗೆ. ಮಧ್ಯಾಹ್ನವಾಗುವುದನ್ನೇ ಕಾಯುತ್ತಿದ್ದ. ಬೇರೆ ಮಂಚಗಳಿಗೆ ಕೈಗೆ ಸಿಕ್ಕಿದ ದಪ್ಪ ಪುಸ್ತಕ ತುರುಕಿ ಕಿಟಕಿ ಪಕ್ಕ ಬಂದು ಕೂರುತ್ತಿದ್ದ.

"ಬರೆದವನು ಸೂಜಿ ಹಿಡಿದವನಲ್ಲ ಬಿಡಿ" ಎಂದು ಅವಳು ಶುರುಮಾಡುತ್ತಿದ್ದಳು. "ಒಂದೇ ರಾತ್ರಿಯಲ್ಲಿ ಕೈಹೊಲಿಗೆಯಲ್ಲಿ ಕೋಟು ಹೊಲಿದಳಂತೆ! ತೋಳು ಕೂರಿಸೋಕೇ ಒಂದು ದಿನ ಬೇಕು. ಆದ್ರೆ ಆ ಎರಡನೇ ಸೊಸೆ ಇದ್ದಾಳಲ್ಲ, ಅವಳನ್ನ ಮಾತ್ರ ಸರಿಯಾಗಿ ಅಳತೆ ತಗೊಂಡು ಬರೆದಿದ್ದಾನೆ."

"ಅವಳು ಮಾತು ಬಿಟ್ಟದ್ದು ಸಿಟ್ಟಿಗೆ ಅಂತೀರಾ?"

"ಸಿಟ್ಟಿಗೆ ಯಾರಾದ್ರೂ ಹನ್ನೆರಡು ವರ್ಷ ಸುಮ್ಮನಿರ್ತಾರಾ? ಒಂದು ವಾರಕ್ಕೆ ಇಳಿದುಹೋಗುತ್ತೆ. ಮೊದಲನೇ ಮಾತು ಏನು ಆಡಬೇಕು ಅಂತ ಗೊತ್ತಾಗ್ಲಿಲ್ಲ ಅವಳಿಗೆ. ದಿನ ಹೋದಷ್ಟೂ ಆ ಮಾತು ಕಷ್ಟ ಆಗ್ತಾ ಹೋಯ್ತು."

ಏಳು ಸಲ ಓದಿದ್ದರೂ ಅವನಿಗೆ ಇದು ಹೊಳೆದಿರಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಅದನ್ನೇ ಮೆಲುಕು ಹಾಕುತ್ತ ಇಳಿಯುವ ನಿಲ್ದಾಣವನ್ನೇ ಮರೆತ.

ಇವತ್ತು ಹೇಳುತ್ತೇನೆ, ತಂಗಿಯನ್ನು ಕರೆಸಿ ಅನ್ನುತ್ತೇನೆ ಎಂದು ಪ್ರತಿ ಬೆಳಗ್ಗೆ ಫೈಲು ಕೋಣೆಯಲ್ಲಿ ನಿರ್ಧಾರ ಮಾಡುತ್ತಿದ್ದ. ಮಧ್ಯಾಹ್ನ ಮೊದಲನೇ ಮಾತೇ ಪುಸ್ತಕದ್ದಾಗಿಬಿಡುತ್ತಿತ್ತು. ಎಂಟನೇ ದಿನ ಅವಳಿಗೆ ಪುಸ್ತಕ ಎತ್ತಲಾಗಲಿಲ್ಲ, ಅವನೇ ಓದಿ ಹೇಳಿದ. ಒಂಬತ್ತನೇ ದಿನ ಹೇಗೋ ಬಾಯಿ ಬಿಟ್ಟ.

"ಟೈಲರಮ್ಮ, ತಂಗೀನ ಒಂದು ಸಲ ಬಂದು ಹೋಗು ಅನ್ನಿ. ಸುಮ್ಮನೆ, ನೋಡಿದ ಹಾಗಾಗುತ್ತೆ."

ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ಇನ್ನೂ ನಾನೂರು ಪುಟ ಇದೆಯಲ್ಲಣ್ಣ. ಏನು ಅವಸರ?"

ಅವನೂ ನಕ್ಕ. ನಗಬಾರದಿತ್ತು. ಆ ಒಂದು ಗಳಿಗೆ ನಗದೆ ಸುಮ್ಮನಿದ್ದಿದ್ದರೂ ಅವಳಿಗೆ ಅರ್ಥವಾಗುತ್ತಿತ್ತು. ಹಾಳು ಮನುಷ್ಯ, ನಕ್ಕು ಪುಟ ತಿರುವಿದ.

ಹನ್ನೆರಡನೇ ದಿನ ಬೆಳಗ್ಗೆ ದಾಖಲೆ ಕೋಣೆಗೆ ಮುಗಿದ ಫೈಲುಗಳ ಕಟ್ಟು ಬಂತು. ಮೂರನೆಯದು ಅವಳದು. ಅದಕ್ಕೆ ದಾರ ಸುತ್ತಿ ಗಂಟು ಹಾಕುವುದು ಅವನ ಕೆಲಸ, ಹಾಕಿದ. ಎರಡು ಸಲ ಗಂಟು ಬಿಚ್ಚಿಕೊಂಡಿತು. ಮಧ್ಯಾಹ್ನ ಮೈಗೆ ಹುಷಾರಿಲ್ಲವೆಂದು ಹೇಳಿ ಗಾಡಿ ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ತಂಗಿ ಬಂದಳು. ಅಕ್ಕನ ಕಾಗದ ಪತ್ರಕ್ಕಾಗಿ ನೆಲಮಾಳಿಗೆಗೆ ಇಳಿದು ಬಂದವಳ ಮುಖದಲ್ಲಿ ಪ್ರಯಾಣದ ಧೂಳು ಹಾಗೇ ಇತ್ತು. ಒಂದು ಕೈಯಲ್ಲಿ ಅಕ್ಕನ ಬಟ್ಟೆಯ ಗಂಟು, ಇನ್ನೊಂದರಲ್ಲಿ ದಪ್ಪ ಪುಸ್ತಕ. ಅದರೊಳಗೆ ಗುರುತಿಗೆಂದು ಅಳತೆಯ ಟೇಪು ಸಿಕ್ಕಿಸಿತ್ತು.

"ಗಾಡಿಯಣ್ಣ ಅಂದ್ರೆ ನೀವೇನಾ?"

ಅವನು ತಲೆಯಾಡಿಸಿದ.

"ಅಕ್ಕ ಫೋನಲ್ಲಿ ಬರೀ ನಿಮ್ಮ ಸುದ್ದೀನೇ. ಗಾಡಿಯಣ್ಣ ಬಂದಿದ್ರು, ಗಾಡಿಯಣ್ಣ ನಗಿಸಿದ್ರು ಅಂತ. ನಿಮ್ಮನ್ನ ಒಂದು ಮಾತು ಕೇಳಬೇಕಣ್ಣ. ನಾನು ರಜ ಹಾಕಿ ಹೊರಟೇ ಬಿಡ್ತೀನಿ ಅಂದಿದ್ದೆ. ಅಕ್ಕ ಬೇಡ ಅಂದ್ಲು. ನನಗೆ ದಪ್ಪ ಪುಸ್ತಕ ಸಿಕ್ಕಿದೆ, ನೀನು ನಿಧಾನಕ್ಕೆ ಬಾ ಅಂದ್ಲು. ಹಾಗಂದ್ರೆ ಏನು? ವಾರ್ಡಲ್ಲಿ ಕೇಳಿದ್ರೆ ಎಲ್ಲರೂ ಮುಖ ತಿರುಗಿಸ್ತಾರೆ."

ದಾಖಲೆ ಕೋಣೆಯ ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು.

"ಓದೋಕೆ ಬೇಕಾದಷ್ಟಿದೆ, ಬೇಜಾರಾಗಲ್ಲ ಅಂತ ಹೇಳಿರಬೇಕಮ್ಮ."

"ನನಗೇನೋ ಹೇಳೋದಿದೆ ಅಂತಿದ್ಲು. ನಿಮ್ಮ ಹತ್ರ ಏನಾದ್ರೂ ಹೇಳಿದ್ಲಾ?"

"ಇಲ್ಲಮ್ಮ. ಅದೊಂದು ಹೇಳಲಿಲ್ಲ."

ಇದು ಮಾತ್ರ ನಿಜ. ತಂಗಿ ಪುಸ್ತಕದ ಹೊದಿಕೆಯನ್ನು ಸವರಿದಳು.

"ಚೆನ್ನಾಗಿದೆಯಾ ಅಣ್ಣ ಈ ಪುಸ್ತಕ?"

ಯಾವ ಪುಸ್ತಕದ ಬಗ್ಗೆಯೂ ಒಂದು ಮಾತು ಹೇಳದೆ ಬಿಡುವವನಲ್ಲ ಅವನು. ಆದರೆ ಈಗ ಚೆನ್ನಾಗಿದೆ ಎಂದರೆ ಮುಂದಿನದನ್ನೆಲ್ಲ ಹೇಳಬೇಕಾದೀತು ಎಂದು ಅವನಿಗೆ ಭಯವಾಯಿತು.

"ಗೊತ್ತಿಲ್ಲಮ್ಮ. ನಾನು ಓದಿಲ್ಲ."

"ಅಯ್ಯೋ, ಹಾಗಾದ್ರೆ ನೀವು ಓದಲೇಬೇಕು" ಎಂದಳು ತಂಗಿ. ಟೇಪನ್ನು ಎಳೆದು ತನ್ನ ಗಂಟಿಗೆ ಹಾಕಿಕೊಂಡಳು, ಪುಸ್ತಕವನ್ನು ಅವನ ಕಡೆ ಚಾಚಿದಳು. "ಇಷ್ಟು ಒಳ್ಳೆ ಪುಸ್ತಕ ನಾನು ಜನ್ಮದಲ್ಲಿ ಓದಿರಲಿಲ್ಲ ಅಂತ ನಮ್ಮಕ್ಕ ಹೇಳಿದ್ಲು. ಅವಳ ಮಾತು ನಂಬಿ ಓದಿ ಅಣ್ಣ."

ಅವನು ಎರಡೂ ಕೈ ಚಾಚಿ ತೆಗೆದುಕೊಂಡ.