ಚೆನ್ನಾಗಿರುವವರ ರಕ್ತ ಯಾಕೆ ಬೇಕು?

ಕಳೆದ ಭಾನುವಾರ ಆರೋಗ್ಯವಂತರನ್ನು ಹುಡುಕಿಕೊಂಡು ಗುಬ್ಬಿಗೆ ಹೋಗಿದ್ದೆ. ಒಬ್ಬರೂ ಸಿಗಲಿಲ್ಲ.

ತಟ್ಟೆ ಇಡ್ಲಿ ಮೇಲೆ ತಟ್ಟೆ ಇಡ್ಲಿ ಹಾಕಿಸಿಕೊಂಡು ತಿನ್ನುತ್ತಿದ್ದ ದೊಡ್ಡ ಮಾವನಿಗೆ, ನಾನು ಬಂದ ಕೆಲಸ ಹೇಳಿದ ಕೂಡಲೇ ಶುಗರ್ ಬಂತು. ಚಿಕ್ಕ ಮಾವನಿಗೆ ಬಿ.ಪಿ. ಅತ್ತೆಗೆ ತಲೆಸುತ್ತು. ನಾನೇನು ಕಿಡ್ನಿ ಕೇಳಿದ್ದೆನೆ? ಕೇಳಿದ್ದು ಒಂದು ಸಿರಿಂಜ್ ರಕ್ತ.

ಕೇಳಿದ್ದು ನನ್ನ ಚಿಕ್ಕಮ್ಮನಿಗಾಗಿ. ಈ ಮಾವಂದಿರ ಕೊನೇ ತಂಗಿ. ಆಕೆಗೆ ರಕ್ತದ ಕ್ಯಾನ್ಸರ್. ಎರಡು ಕ್ರೋಮೋಸೋಮುಗಳು ಮುರಿದು, ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದರಿಂದ ಬಂದದ್ದು. (ಹುಟ್ಟಿನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಸಂಬಂಧ ಹುಡುಕುವವರು ಗಮನಿಸಿ.) ಮಾತ್ರೆ ಶುರುವಾದ ಮೇಲೆ ಓಡಾಡಿಕೊಂಡಿದ್ದಾಳೆ. ಆದರೆ ಕಾಯಿಲೆ ಹೋಯಿತೇ, ಒಳಗೇ ಕೂತಿದೆಯೇ? ಅದನ್ನು ತಿಳಿಯಲು ಬೆಂಗಳೂರಿನ ಒಂದು ಸಂಶೋಧನಾ ಲ್ಯಾಬಿಗೆ ರಕ್ತ ಕೊಟ್ಟಿದ್ದಾಳೆ.

ಆ ಲ್ಯಾಬಿನಲ್ಲಿರುವವಳು ಕುಣಿಗಲ್‌ನ ಸವಿತಾ. ತುಮಕೂರಿನಲ್ಲಿ ಓದುವಾಗ ಡಿಬೇಟಿಗೆ ನನ್ನ ಜೋಡಿ. ಅವಳು ಹೇಳಿದ್ದಿಷ್ಟು: ಆ ಎರಡು ಕ್ರೋಮೋಸೋಮುಗಳಲ್ಲಿ ಒಂದರ ಜೀನಿಗೆ ಹೋಗಿ ಅಂಟಿಕೊಳ್ಳುವ, ಕೆಂಪಗೆ ಹೊಳೆಯುವ ಡಿಎನ್‌ಎ ತುಣುಕು, ಇನ್ನೊಂದರ ಜೀನಿಗೆ ಹಸಿರಿನದು. ಇವಕ್ಕೆ ಪ್ರೋಬ್ ಎಂದು ಹೆಸರು. ಮಾಮೂಲಿ ಜೀವಕೋಶದಲ್ಲಿ ಕೆಂಪು, ಹಸಿರು ಚುಕ್ಕೆಗಳು ದೂರ ದೂರ. ಅದಲುಬದಲಾಗಿದ್ದರೆ ಎರಡೂ ಕೂಡಿ ಹಳದಿ. ಚಿಕ್ಕಮ್ಮನ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು ಹಳದಿ.

ಹಾಗಾದರೆ ಕಾಯಿಲೆ ಇದೆ ಅಂತಾಯಿತಲ್ಲ ಎಂದೆ.

"ಪ್ರೂಫ್ ಎಲ್ಲೇ?" ಅಂದಳು. (ಹಳೇ ಚಾಳಿ.)

ಚುಕ್ಕೆಗಳು ಸುಮ್ಮನೆ ಒಂದರ ಮೇಲೊಂದು ಬಿದ್ದರೂ ಹಳದಿಯೇ ಕಾಣುತ್ತದೆ. ಚೆನ್ನಾಗಿರುವವರಲ್ಲೂ ಹಾಗಾಗುತ್ತದೆ. ಅವರಲ್ಲಿ ಎಷ್ಟು ಎಂದು ಮೊದಲು ಎಣಿಸದೆ, ಚಿಕ್ಕಮ್ಮನದು ಕಾಯಿಲೆಯೋ ಕಣ್ಣಿನ ಮೋಸವೋ ಹೇಳುವುದು ಹೇಗೆ? ಪ್ರೋಬ್ ಹೊಸದು, ಹೋಲಿಸಲು ರಕ್ತ ಬೇಕು, ಕೊಡುವವರಿಲ್ಲ. ಅಲ್ಲೇ ನನ್ನದನ್ನು ಕೊಟ್ಟು ಬಂದೆ. ನನ್ನಲ್ಲೂ ಹಳದಿ ಸಿಕ್ಕಿತು!

ಇಂಥ ಪಾಯಿಂಟ್ ಕೈಯಲ್ಲಿದ್ದು ಸೋಲುವುದುಂಟೇ? ಗುಬ್ಬಿಯಲ್ಲಿ ಮಾವಂದಿರ ಮುಂದೆ ಅದನ್ನೇ ಬಾಣದಂತೆ ಬಿಟ್ಟೆ. ದೊಡ್ಡ ಮಾವ ಪೂರ್ತಿ ಕೇಳಿಸಿಕೊಂಡರು.

"ನೋಡ್ದ್ಯಾ? ಗುಂಡುಕಲ್ಲಂಗಿರೋ ನಿನ್ನಲ್ಲೇ ಸಿಕ್ತು. ಹುಡುಕುದ್ರೆ ಏನಾರ ಸಿಕ್ಕೇ ಸಿಗುತ್ತೆ ಕಣಮ್ಮ. ಬುಡು."

ನನ್ನ ವಾದ ನನಗೇ ತಿರುಗಿಬಿತ್ತು. ಹಾಗಂತ ಬಿಡುವವಳೇ? ಹೆಸರು ಬರೆಯುವುದಿಲ್ಲ, ಬರೀ ಚುಕ್ಕೆ ಎಣಿಸುತ್ತಾರೆ ಎಂದೆ. ಶುಗರ್ ಯಾವ ಡಾಕ್ಟರು ಹೇಳಿದ್ದು ಎಂದೂ ಕೇಳಿದೆ. ಮಾವ ಪೇಪರ್ ಬಿಡಿಸಿಕೊಂಡರು.

ನನ್ನ ಜೊತೆಗೇ ಬಂದು ಅಡುಗೆಮನೆ ಸೇರಿದ್ದ ಚಿಕ್ಕಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು.

"ಅಣ್ಣಯ್ಯ, ನಾನ್ ಹುಷಾರಾಗ್ಲಿ ಅಂತ ಸಿಕ್ಕಸಿಕ್ಕ ದೇವ್ರಿಗೆಲ್ಲ ಹರಕೆ ಹೊತ್ತೆ. ಈಗ ಹುಷಾರಾದ್ನೋ ಇಲ್ವೋ ಅಂತ ಗೊತ್ತಾಗೋಕೆ, ನೀನು ಹುಷಾರಾಗಿದ್ರೆ ಸಾಕಂತೆ. ಅದನ್ನೂ ಕೊಡಲ್ವಾ?"

ಮಾವ ಪೇಪರ್ ಮಡಚಿದರು. ತಂಗಿಯ ಮುಖ ನೋಡಲಿಲ್ಲ. ನನ್ನನ್ನು ಕೇಳಿದರು: "ಖಾಲಿ ಹೊಟ್ಟೇಲಿ ಬರ್ಬೇಕಾ?"

ಬುಧವಾರ ಬೆಂಗಳೂರಿಗೆ ಬಂದು ಕೊಟ್ಟರು. ಚಿಕ್ಕಮ್ಮನಿಗೆ ಉತ್ತರ ಸಿಗಲು ಅವರೊಬ್ಬರೇ ಸಾಲದು, ಇನ್ನೂ ಜನ ಬೇಕು. ಈ ಭಾನುವಾರ ಚೇಳೂರಿಗೆ ಹೊರಟಿದ್ದೇನೆ, ಆಮೇಲೆ ಊರ್ಡಿಗೆರೆ. ಅಲ್ಲಿಯವರಿಗೂ ನನ್ನನ್ನು ನೋಡಿದ ಕೂಡಲೇ ಶುಗರ್ ಬರಬಹುದು. ಬರಲಿ, ಕೇಳುವುದನ್ನು ಬಿಡುವುದಿಲ್ಲ.

ಕಾಯಿಲೆಯವರನ್ನು ನೋಡಲು ಬ್ರೆಡ್ಡು, ಮೋಸಂಬಿ ಹಿಡಿದು ಹೋಗುವ ನಾವು, ಶರ್ಟಿನ ತೋಳು ಮೇಲೇರಿಸಿಕೊಂಡು ಹೋಗುವುದು ಯಾವತ್ತು?