ಚೆಂಡಿಲ್ಲದ ಕ್ರಿಕೆಟ್ಟು

ನಾನು ತೆಗೆದ ಕ್ರಿಕೆಟ್ ಚಿತ್ರಗಳಿಗೆಲ್ಲ ಒಂದು ಸಾಮಾನ್ಯ ಲಕ್ಷಣವಿದೆ, ಯಾವುದರಲ್ಲಿಯೂ ಚೆಂಡಿಲ್ಲ. ಬ್ಯಾಟು ಬೀಸಿದವನಿದ್ದಾನೆ, ಬಾಯಿ ತೆರೆದ ಕೀಪರ್ ಇದ್ದಾನೆ, ಆಕಾಶ ದಿಟ್ಟಿಸುವ ಆಟಗಾರರಿದ್ದಾರೆ. ಅವರು ಏನನ್ನು ನೋಡುತ್ತಿದ್ದಾರೆಂಬುದನ್ನು ಮಾತ್ರ ಸಹೃದಯರಾದ ನೀವೇ ಊಹಿಸಿಕೊಳ್ಳಬೇಕು. ಕಣ್ಣು ಕಂಡದ್ದು ಬೆರಳಿಗೆ ತಲುಪುವಷ್ಟರಲ್ಲಿ ಚೆಂಡು ಪಕ್ಕದ ಕಬ್ಬಿನ ಗದ್ದೆ ಸೇರಿರುತ್ತದೆ. ಮಂಡ್ಯದ ಕಾಲೇಜಿನಲ್ಲಿ ಪಾಠ ಹೇಳಿ ಹೊಟ್ಟೆ ಹೊರೆಯುವ ನಾನು ಇದನ್ನೂ ಒಂದು ಕಲೆಯೆಂದು ಸಮರ್ಥಿಸಿಕೊಳ್ಳಬಲ್ಲೆ. ಆದರೆ ನನ್ನ ಹೆಂಡತಿ, "ಮದುವೆ ಫೋಟೋದಲ್ಲಿ ಹೆಣ್ಣೇ ಇಲ್ಲದಿದ್ದರೆ ಅದೂ ಕಲೆಯೇ?" ಎಂದು ಕೇಳಿ ಆ ಬಾಗಿಲನ್ನೂ ಮುಚ್ಚಿದ್ದಾಳೆ.

ಹೊಳಲಿನ ಪುಟ್ಟಸ್ವಾಮಿ ನನ್ನ ಬಾಲ್ಯದ ಸಹಪಾಠಿ. ಭತ್ತ ಬೆಳೆಯುವುದು ಅವನ ಕಸುಬು, ಊರ ತಂಡದ ನಾಯಕತ್ವ ಅವನ ಧರ್ಮ. ಈ ಸಲ ಕೊಯ್ಲಾದ ಗದ್ದೆಯಲ್ಲಿ ಭಾರತೀನಗರದವರೊಡನೆ ಫೈನಲ್ಲು. ಬಹುಮಾನ, ಶಾಮಿಯಾನದ ಗೂಟಕ್ಕೆ ಕಟ್ಟಿದ ಒಂದು ಟಗರು.

"ಇದೇ ಕಡೇ ಮ್ಯಾಚು ಕಣ್ಲಾ. ಮಂಡಿ ಕೇಳ್ತಾ ಇಲ್ಲ," ಎಂದ. "ಚೆಂಡೂ ನಾನೂ ಒಂದೇ ಫೋಟೋದಲ್ಲಿರ್ಬೇಕು. ಗ್ವಾಡೆಗೆ ಆಕ್ತೀನಿ."

ಬೆಳಗಿನಿಂದ ಬಿಸಿಲಿನಲ್ಲಿ ಬೆಂದು ಕ್ಲಿಕ್ಕಿಸಿದೆ. ಎಂದಿನಂತೆ ಚೆಂಡು ಸಿಗಲಿಲ್ಲ. ಅಲುಗದೆ ನಿಂತು ಸಹಕರಿಸಿದ್ದು ಟಗರೊಂದೇ ಆದ್ದರಿಂದ ಅದರ ಭಾವಚಿತ್ರಗಳು ಮಾತ್ರ ಅಮೋಘವಾಗಿ ಬಂದವು.

ಕೊನೆಯ ಚೆಂಡಿಗೆ ಹೊಳಲಿಗೆ ಒಂದೇ ರನ್ನು ಬೇಕಿತ್ತು. ಸಮವಾದರೆ ಟಗರು ಹೋದ ವರ್ಷ ಗೆದ್ದ ಭಾರತೀನಗರಕ್ಕೇ ಎಂಬುದು ಪಂದ್ಯದ ನಿಯಮ. ಪುಟ್ಟಸ್ವಾಮಿ ಚೆಂಡನ್ನು ತಳ್ಳಿ ಓಡಿದ, ಮಂಡಿಯನ್ನು ಮರೆತು ಹಾರಿದ, ಬೇಲ್ಸ್ ಉದುರಿದವು. ಎದ್ದ ಧೂಳೆಲ್ಲ ಅಂಪೈರ್ ನಿಂತ ಕಡೆಗೇ ನುಗ್ಗಿ ಅವರಿಗೆ ಏನೂ ಕಾಣಲಿಲ್ಲ. ಎರಡೂ ಕಡೆಯವರು ಅವರನ್ನು ಮುತ್ತಿಕೊಂಡಾಗ ಭಾರತೀನಗರದವನೊಬ್ಬ, "ಮೇಷ್ಟ್ರು ಫೋಟೋ ಒಡ್ದವ್ರೆ, ಅದ್ನೇ ನೋಡಾನ ಬುಡಿ," ಎಂದ. ಹೊಳಲಿನವರು ಹರ್ಷದಿಂದಲೇ ಒಪ್ಪಿದರು. ನನ್ನ ಛಾಯಾಗ್ರಹಣದಲ್ಲಿ ಅವರಿಗೆ ಅಚಲ ವಿಶ್ವಾಸ. ಚೆಂಡಿಲ್ಲದ ಮೇಲೆ ಸಾಕ್ಷಿಯೆಲ್ಲಿ, ಸಾಕ್ಷಿಯಿಲ್ಲದ ಮೇಲೆ ಔಟೆಲ್ಲಿ?

ಕ್ಯಾಮರಾದ ಪರದೆಯ ಮೇಲೆ ಆ ಚಿತ್ರ ತೆರೆದೆ. ಗಾಳಿಯಲ್ಲಿ ಬೇಲ್ಸ್, ಸ್ಟಂಪಿಗೆ ಅಂಟಿಕೊಂಡ ಹಾಗೆ ಚೆಂಡು, ನೆಲದಿಂದ ಮೇಲೆ ಅಡ್ಡಲಾಗಿ ಪುಟ್ಟಸ್ವಾಮಿ, ಗೆರೆಗೆ ಒಂದು ಗೇಣು ದೂರದಲ್ಲಿ ಅವನ ಬ್ಯಾಟು. ಜೀವಮಾನದಲ್ಲಿ ಮೊದಲ ಸಲ ನನ್ನ ಬೆರಳು ಸಕಾಲದಲ್ಲಿ ಒತ್ತಿತ್ತು. ಅಳಿಸುವ ಗುಂಡಿ ಹೆಬ್ಬೆರಳ ಕೆಳಗೇ ಇತ್ತು, ಎದುರಿಗೆ ಗೆಳೆಯನ ಆಸೆಗಣ್ಣು. ಆದರೆ ಅಂಥ ಚಿತ್ರವನ್ನು ಅಳಿಸುವಷ್ಟು ದೊಡ್ಡ ಮನಸ್ಸು ಯಾವ ಹವ್ಯಾಸಿಗಿದೆ, ನೀವೇ ಹೇಳಿ. ತೋರಿಸಿಬಿಟ್ಟೆ.

ಪುಟ್ಟಸ್ವಾಮಿ ಕ್ಯಾಮರಾ ಇಸಿದುಕೊಂಡು ಬಹಳ ಹೊತ್ತು ನೋಡಿದ.

"ಔಟೇ ಕಣ್ಲಾ," ಎಂದ. ಆಮೇಲೆ ನನಗೊಬ್ಬನಿಗೇ ಕೇಳುವಂತೆ, "ಚೆಂಡು ಚೆಂದಾಗಿ ಬಂದದೆ."

ಗೆದ್ದವರು ಸೋತವರಿಗೂ ಬಾಡೂಟ ಹಾಕಬೇಕೆಂಬ ಪದ್ಧತಿ ನಮ್ಮನ್ನು ಕಾಪಾಡಿತು. ಎರಡನೆಯ ಮುದ್ದೆಯ ಹೊತ್ತಿಗೆ ಹೊಳಲಿನ ಹುಡುಗರು ಮುನಿಸು ಬಿಟ್ಟು ನನ್ನ ಕಡೆ ತಿರುಗಿ ನೋಡಿದರು. ಟಗರಿನ ಭಾವಚಿತ್ರಗಳನ್ನು ನೆನೆದು ನನಗೆ ಮಾತ್ರ ತುತ್ತು ಇಳಿಯಲಿಲ್ಲ.

ಸ್ಟುಡಿಯೋದವನು ಚಿತ್ರದಿಂದ ಸ್ಟಂಪು ಕತ್ತರಿಸಿ ಔಟಾದದ್ದನ್ನು ಮುಚ್ಚಿಕೊಡುತ್ತೇನೆಂದನಂತೆ. ಹಾಗೆ ಮಾಡಿದರೆ ಚೆಂಡೂ ಹೋಗುತ್ತದೆಂದು ಪುಟ್ಟಸ್ವಾಮಿ ಒಪ್ಪಲಿಲ್ಲ. ಈಗ ಅದು ಇಡಿಯಾಗಿ ಅವನ ನಡುಮನೆಯ ಗೋಡೆಯ ಮೇಲಿದೆ. ಮೊನ್ನೆ ಹೆಂಡತಿಯನ್ನು ಕರೆದೊಯ್ದು, ಗೆದ್ದ ಗತ್ತಿನಲ್ಲಿ ತೋರಿಸಿದೆ. ಅವಳು ಹತ್ತಿರ ಹೋಗಿ, ಬ್ಯಾಟಿಗೂ ಗೆರೆಗೂ ನಡುವಿನ ಆ ಗೇಣನ್ನು ಸಾವಕಾಶವಾಗಿ ನೋಡಿದಳು.

"ಚೆಂಡೇನೋ ಬಂದಿದೆ ಕಣ್ರೀ," ಎಂದಳು. "ಪುಟ್ಟಸ್ವಾಮಿಯವರೇ ಇನ್ನೂ ಬಂದಿಲ್ಲ."