ಕಾರು ಮುಂದೆ, ನಾವು ಹಿಂದೆ

ಈಗಷ್ಟೇ ನಮ್ಮ ಮನೆ ಮುಂದಿನ ರಸ್ತೆಯುಬ್ಬಿಗೆ, ಅಂದರೆ ಹಂಪಿಗೆ, ಯಾರದೋ ಕಾರಿನ ಹೊಟ್ಟೆ ಕರ್ರೆಂದು ಉಜ್ಜಿತು. ಬೈಯಬೇಕೆಂದೇ ಎದ್ದೆ. ಏಳುವಷ್ಟರಲ್ಲಿ ಸೋದರಮಾವ ನೆನಪಾದ. ಕೂಡ್ರಿ, ಹೇಳುತ್ತೇನೆ.

ಜಪಾನಿ ಇಂಜಿನ್ನಿನ ಪುಟ್ಟ ಕಾರುಗಳು ಆಗ ನಮ್ಮ ಕಡೆ ಹೊಸತು. ಕರಜಗಿಯ ನಮ್ಮ ಮಾಮಾ ಒಂದನ್ನು ತಂದ. ತಂದವನು ಸುಮ್ಮನಿದ್ದನೇ? ಜಪಾನಿನ ರೇಸ್ ಕಾರಿನ ಚಿತ್ರ ಎಲ್ಲೋ ನೋಡಿದನಂತೆ. ತನ್ನದೂ ಹಾಗೆ ನೆಲಕ್ಕೆ ಅಂಟಿಕೊಂಡಿರಬೇಕೆಂದು ಸ್ಪ್ರಿಂಗುಗಳನ್ನೇ ಕೊಯ್ಯಿಸಿದ. ಹಿಂದೆ ತಗಡಿನ ರೆಕ್ಕೆ, ಹೊಗೆ ಬಿಡಲು ಬೋರ್‌ವೆಲ್ಲಿನ ಪೈಪು. ಅಫಜಲಪುರದ ರಸ್ತೆಗೆ ಇಂಥ ಶೋಕಿ! ಹಂಪು ಬಂದಾಗೆಲ್ಲ ನಾವು ಇಳಿಯಬೇಕು, ಖಾಲಿ ಕಾರು ದಾಟಬೇಕು, ಮತ್ತೆ ಹತ್ತಬೇಕು. ಕಾರು ಬಂದ ಮೇಲೆ ನಾವು ನಡೆದಷ್ಟು ಮೊದಲೆಂದೂ ನಡೆದಿರಲಿಲ್ಲ.

ಇಂಥ ಹುಚ್ಚರು ಆಳಂದದಿಂದ ಜೇವರ್ಗಿಯವರೆಗೆ ಇನ್ನೂ ಕೆಲವರಿದ್ದರು. ಅವರನ್ನು ಗುರುತಿಸಲು ಮಾಮಾ ಕಾರನ್ನು ನೋಡುತ್ತಿರಲಿಲ್ಲ. ಖಾಲಿ ಕಾರಿನ ಹಿಂದೆ ಹೆಂಡತಿ ಮಕ್ಕಳು ಗಂಟು ಹೊತ್ತು ನಡೆಯುತ್ತಿದ್ದರೆ ಸಾಕು, "ನಮ್ಮ ಪೈಕಿಯಾಂವ ಬಂದ ನೋಡ್ರಿ!" ಎಂದು ಬ್ರೇಕು ಒತ್ತುತ್ತಿದ್ದ.

ನನ್ನ ಮದುವೆಯ ದಿನವೂ ಒತ್ತಿದ. ಅಫಜಲಪುರದಲ್ಲಿ ಮದುವೆ. ಸೋದರಮಾವ ಬೆನ್ನ ಹಿಂದೆ ನಿಲ್ಲದೆ ನಮ್ಮಲ್ಲಿ ಹುಡುಗಿಯ ತಲೆಗೆ ಅಕ್ಷತೆಯ ಅಕ್ಕಿಕಾಳು ಬೀಳುವುದಿಲ್ಲ. ಊರ ಹೊರಗಿನ ಕೊನೆಯ ಹಂಪಿನಲ್ಲಿ ಮಾಮಾನ ಕಾರಿನ ಹಿಂದೆ ನಾನು ರೇಷ್ಮೆ ಸೀರೆ ಎತ್ತಿಕೊಂಡು ನಡೆಯುತ್ತಿದ್ದೆ. ಎದುರಿನಿಂದ ಒಂದು ಖಾಲಿ ಕಾರು, ಅದರ ಹಿಂದೆ ಬುಟ್ಟಿ ಹೊತ್ತ ಹೆಂಗಸು. ಮುಗಿಯಿತು! ಮಾಮಾ, ಆ ಕಾರಿನವ, ಇಬ್ಬರೂ ಹೆಸರು ಸಹ ಕೇಳದೆ ಆ ಕಾರಿನಡಿ ತೂರಿದರು. ಹೊರಗೆ ಕಾಲುಗಳಷ್ಟೇ ಕಾಣುತ್ತಿದ್ದವು.

"ಮಾಮಾ, ಅಕ್ಕಿಕಾಳ ಹೊತ್ತಾತು!"

"ಬಂದ್ನಿ ಬೇ, ಸ್ಪ್ರಿಂಗ್ ನೋಡಾಕತ್ತೇನಿ."

ಊರೊಳಗಿನ ಬಾಜಾ ಕೇಳುತ್ತಿತ್ತು. ನನಗೆ ಅಳುವೇ ಬಂತು. ಆಗ ನಮ್ಮ ಅತ್ತಿ, ಮಾಮಾನ ಹೆಂಡತಿ, ಆ ಕಾರಿನ ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟಳು. ಮೈಕೈ ತುಂಬಿದ ಹೆಂಗಸು.

"ಹೊರಗ ಬರ್ತೀರೋ, ನಾ ಒಳಗ ಕೂಡ್ಲೋ?"

"ಬ್ಯಾಡಬೇ, ಬ್ಯಾಡ!" ಇಬ್ಬರೂ ಹಲ್ಲಿಗಳಂತೆ ಸರಸರ ಹೊರಬಂದರು.

ಬುಟ್ಟಿಯ ಹೆಂಗಸು ಅತ್ತಿಯ ಕೈ ಹಿಡಿದು, "ಅಕ್ಕಾರ, ಇಷ್ಟು ದಿನ ನನಗ್ಯಾಕ ಇದು ಹೊಳೀಲಿಲ್ರಿ?" ಎಂದಳು.

ಅಂತೂ ಮುಟ್ಟಿದೆವು. ಮುಖದ ತುಂಬ ಗ್ರೀಸು ಬಳಿದುಕೊಂಡೇ ಮಾಮಾ ನನ್ನ ಹಿಂದೆ ನಿಂತ. ಅಕ್ಕಿಕಾಳು ಬೀಳುತ್ತಿತ್ತು, ಅವ್ವ ಅಳುತ್ತಿದ್ದಳು. ಮಾಮಾ ಕಿವಿಯ ಹತ್ತಿರ ಬಗ್ಗಿದ. ಆಶೀರ್ವಾದವೆಂದು ತಲೆ ಬಾಗಿಸಿದೆ.

"ತಂಗಿ, ಅಂವಂದು ನಮ್ಮದಕ್ಕಿಂತ ಎರಡ ಬೆರಳ ಎತ್ತರ ಐತಿ."

ಕಿಸಕ್ಕನೆ ನಕ್ಕುಬಿಟ್ಟೆ. ಅಕ್ಕಿಕಾಳಿನಲ್ಲಿ ನಕ್ಕ ಸೊಸೆಯೆಂದು ಅತ್ತೆಯವರು ಬದುಕಿರುವತನಕ ಆಡಿಕೊಂಡರು. ಮಾಮಾ ಈಗಿಲ್ಲ. ಆ ದಿನದ ಸಿಟ್ಟು ಇನ್ನೂ ಇದೆ. ಅವನಿಲ್ಲದ್ದಕ್ಕೆ ಜೀವ ಚುರ್ ಎನ್ನುವುದೂ ಇದೆ.

ಇಷ್ಟು ಹೇಳಿ ಬಾಗಿಲು ತೆರೆದೆ. ಹಂಪಿನಾಚೆ ಒಬ್ಬ ಹುಡುಗ ಕಾರಿನಡಿ ಬಗ್ಗಿ ನೋಡುತ್ತಿದ್ದ. ಕೂಸು ಎತ್ತಿಕೊಂಡ ಹೆಂಡತಿ ಬಿಸಿಲಲ್ಲಿ ನಿಂತಿದ್ದಳು.

"ಒಳಗ ಬಾ ತಂಗಿ," ಎಂದೆ, "ಅಂವ ಲಗೂ ಏಳಾಂವ ಅಲ್ಲ."